ಹಾಡುಂಟು, ಬೇಸಿಲ್ಲ!

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಹಳೆಯ ಪಿ.ಬಿ. ರಸ್ತೆ ಹಿಡಿದು ಹೊರಟರೆ ನಾಲ್ಕೈದು ಹಾಡು ಮುಗಿಯುವುದರೊಳಗೆ ತುಂಗಭದ್ರೆಯ ದಂಡೆ ಬಂದುಬಿಡುತ್ತದೆ. ಆ ನಾಲ್ಕೈದು ಹಾಡು ಚೆನ್ನಾಗಿ ಕೇಳಬೇಕೆಂದು ಕಾರಿನೊಳಗೆ ಜನ ಮಾಡಿಕೊಳ್ಳುವ ಏರ್ಪಾಡು ಮಾತ್ರ ಚಿಕ್ಕದಲ್ಲ. ಮುಂದೆ ಟಚ್ ಸ್ಕ್ರೀನ್ ಸ್ಟೀರಿಯೋ, ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರ್, ಹಿಂದಿನ ಹಲಗೆಯ ಮೇಲೆ ಮೊಟ್ಟೆಯಾಕಾರದ ಜೋಡಿ, ಡಿಕ್ಕಿಯಲ್ಲಿ ಡ್ರಮ್ಮಿನಂಥ ಬೇಸ್ ಟ್ಯೂಬ್. ಇಷ್ಟೆಲ್ಲ ಇದ್ದೂ ಒಂದು ದಿನ ಹಾಡು ಸಪ್ಪೆಯಾಗುತ್ತದೆ. ಗಾಯಕಿಯ ದನಿ ಕೇಳುತ್ತದೆ, ಕೊಳಲು ಕೇಳುತ್ತದೆ, ತಾಳದ ಕಿಣಿಕಿಣಿಯೂ ಕೇಳುತ್ತದೆ. ಎದೆಗೆ ತಾಗಬೇಕಾದ ಆ ‘ಧಮ್ ಧಮ್’ ಮಾತ್ರ ಇಲ್ಲ. ಬೆಣ್ಣೆಯಿಲ್ಲದ ಬೆಣ್ಣೆದೋಸೆಯಂತೆ!

“ಹಾಡು ಬರ್ತೈತೆ ಅಣ್ಣಾ, ಬೇಸ್ ಒಂದು ಬರ್ತಿಲ್ಲ ನೋಡ್ರಿ” ಎಂಬುದು ಸ್ಟೀರಿಯೋ ಅಂಗಡಿಗಳ ಮುಂದೆ ಯಾವ ಊರಲ್ಲೂ ಕೇಳಿಬರಬಹುದಾದ ದೂರು. “ಇದಕ್ಕಿಂತ ದೊಡ್ಡ ವೂಫರ್ ಹಾಕಿಸಿಬಿಡ್ರಿ ಸಾರ್” ಎಂಬುದು ಅದಕ್ಕೆ ಸಲೀಸಾಗಿ ಸಿಗುವ ಉತ್ತರ. ಗಿರಾಕಿಗೂ ಅದೇ ಸರಿ ಎನಿಸುತ್ತದೆ. ದನಿ ಸಾಲದೆಂದರೆ ಶಕ್ತಿ ಸಾಲದು ಎಂದೇ ತಾನೇ ಅರ್ಥ? ಹಾಗೆ ಸಾವಿರಾರು ರೂಪಾಯಿ ಸುರಿದು ತಂದ ಹೊಸ ಡಬ್ಬಿಯೂ ಹಳೆಯದರಂತೆಯೇ ಮೂಕವಾಗಿ ಕೂತಾಗ ತಲೆಬಿಸಿ ಶುರುವಾಗುತ್ತದೆ.

ಅಸಲು ಸಂಗತಿ ಬೇರೆಯೇ ಇದೆ. ಕಾರಿನಲ್ಲಿ ಬೇಸ್ ಇಲ್ಲದಿರುವುದು ಅನೇಕ ಸಲ ಶಕ್ತಿಯ ಕೊರತೆಯಲ್ಲ. ಒಂದೋ ಅದನ್ನು ಯಾವುದೋ ಸೆಟ್ಟಿಂಗ್ ತಡೆದಿರುತ್ತದೆ, ಇಲ್ಲವೇ ಎರಡು ಸ್ಪೀಕರ್‌ಗಳು ಒಂದರ ಬೇಸನ್ನು ಇನ್ನೊಂದು ನುಂಗಿರುತ್ತವೆ, ಇಲ್ಲವೇ ಬಾಗಿಲಿನ ತೂತುಗಳಲ್ಲಿ ಅದು ಸೋರಿಹೋಗಿರುತ್ತದೆ. ಈ ಮೂರನ್ನೂ ಕಂಡುಹಿಡಿಯಲು ಬೇಕಾದದ್ದು ಅರ್ಧ ಗಂಟೆಯ ಬಿಡುವು, ಒಂದು ಪೆನ್ಸಿಲ್ ಸೆಲ್ಲು, ಸಿಕ್ಕರೆ ಒಂದು ಮೀಟರ್. ಇವೆಲ್ಲ ಮುಗಿದ ಮೇಲೆ ಕೊನೆಗೆ ತೆಗೆಯಬೇಕಾದದ್ದು ಜೇಬಿನ ದುಡ್ಡು.

ಬೇಸ್ ಅಂದರೆ ಏನು?

ದನಿ ಎಂದರೆ ಗಾಳಿಯ ಅಲುಗಾಟ. ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಲೆಕ್ಕವೇ ಹರ್ಟ್ಸ್. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ದನಿ ಕೇಳುತ್ತದೆ ಎನ್ನುತ್ತಾರೆ. ಇದರಲ್ಲಿ ಕೆಳಗಿನ ತುದಿ, ಅಂದರೆ ಸುಮಾರು 20ರಿಂದ 200ರವರೆಗಿನದ್ದು ಬೇಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಶ್ರುತಿ 41 ಹರ್ಟ್ಸ್. ರಸ್ತೆ ಬದಿಯ ವಿದ್ಯುತ್ ಟಿ.ಸಿ. ‘ಗುಂಯ್’ ಎಂದು ಮೊರೆಯುತ್ತದಲ್ಲ, ಅದು 100 ಹರ್ಟ್ಸ್. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಟಿ.ಸಿ.ಯೊಳಗಿನ ಕಬ್ಬಿಣ ಅದರ ಇಮ್ಮಡಿ ವೇಗದಲ್ಲಿ ಅದುರುತ್ತದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವರಿಗೆ ಬೇಸ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಕಿವಿಗೆ ಕೇಳುವ ಜೊತೆಗೇ ಪಕ್ಕೆಲುಬಿಗೂ ತಾಗುತ್ತದೆ.

ಈ ದಪ್ಪ ದನಿಯ ಅಲೆ ಬಲು ಉದ್ದ. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು 50ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ 6.9 ಮೀಟರ್, ಅಂದರೆ ಕಾರಿಗಿಂತಲೂ ಉದ್ದ. ಅದೇ 3,000 ಹರ್ಟ್ಸ್‌ನ ಕೀಚಲು ದನಿಯ ಅಲೆ ಕೇವಲ 11.5 ಸೆಂಟಿಮೀಟರ್, ಒಂದು ಗೇಣಿಗೂ ಕಮ್ಮಿ. ಬೇಸಿನ ಕಾಯಿಲೆಗಳಲ್ಲಿ ಬಹಳಷ್ಟಕ್ಕೆ ಕಾರಣ ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇದೆ. ಅದನ್ನು ನೆನಪಿಟ್ಟುಕೊಂಡು ಮುಂದೆ ಹೋಗಬಹುದು.

ಮೊದಲು ಹಾಡು, ಆಮೇಲೆ ಸೆಟ್ಟು

ಡಾಕ್ಟರು ನಾಲಿಗೆ ನೋಡುವಂತೆ ಮೊದಲು ನೋಡಬೇಕಾದದ್ದು ಹಾಡನ್ನೇ. ಐವತ್ತು, ಅರವತ್ತರ ದಶಕದ ಚಿತ್ರಗೀತೆಗಳಲ್ಲಿ ಇಂದಿನ ಅರ್ಥದ ಬೇಸ್ ಹುಡುಕುವುದು ಬಾವಿಯಲ್ಲಿ ಕಡಲ ಮೀನು ಹುಡುಕಿದಂತೆ. ಅಂದಿನ ಧ್ವನಿಮುದ್ರಣದಲ್ಲಿ ಅದು ಅಷ್ಟಾಗಿ ಉಳಿದೇ ಇಲ್ಲ. ಬೇಸ್ ಚೆನ್ನಾಗಿದೆಯೆಂದು ಬೇರೆ ಕಾರಿನಲ್ಲಿ ಕೇಳಿ ಖಾತರಿಯಾದ ಒಂದೇ ಹಾಡನ್ನು ಪರೀಕ್ಷೆಗೆ ಇಟ್ಟುಕೊಳ್ಳಬೇಕು. ಫೋನಿನಲ್ಲಿ 40, 60, 80, 100 ಹರ್ಟ್ಸ್ ದನಿ ಹೊರಡಿಸುವ ಆ್ಯಪ್‌ಗಳೂ ಸಿಗುತ್ತವೆ. ಅವು ಇನ್ನೂ ಒಳ್ಳೆಯದು. ಆದರೆ ವಾಲ್ಯೂಮ್ ತಗ್ಗಿಸಿಟ್ಟುಕೊಂಡೇ ಹಾಕಬೇಕು.

ಹಾಡು ಫೋನಿನಿಂದ ಬ್ಲೂಟೂತ್ ಮೂಲಕ ಬರುತ್ತಿದ್ದರೆ ಫೋನಿನ ಈಕ್ವಲೈಜರ್ ನೋಡಬೇಕು. ಮಾತು ಸ್ಪಷ್ಟವಾಗಿ ಕೇಳಲೆಂದು ಯಾರೋ ಎಂದೋ ಒತ್ತಿಟ್ಟ ಗುಂಡಿ ಬೇಸನ್ನು ಕತ್ತರಿಸಿರಬಹುದು. ಅದೇ ಹಾಡನ್ನು ಪೆನ್ ಡ್ರೈವ್‌ನಿಂದ ಹಾಕಿದಾಗ ಬೇಸ್ ಬಂದರೆ ಸ್ಪೀಕರ್ ಬಿಚ್ಚುವ ಗೋಜೇ ಇಲ್ಲ.

ಆಮೇಲೆ ಸೆಟ್ಟಿನ ಸರದಿ. ಹಿಂದೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800ರ ಕಾಲದ ಕ್ಯಾಸೆಟ್ ಡೆಕ್ಕಿನಲ್ಲಿ ಬೇಸಿಗೊಂದು, ಟ್ರೆಬಲ್‌ಗೊಂದು ತಿರುಗುಣಿ ಇದ್ದರೆ ಹೆಚ್ಚು. ಈಗಿನ ಸೆಟ್ಟಿನ ಮೆನುವಿನೊಳಗೆ ಹತ್ತಾರು ಕೋಣೆಗಳು. ಅದರಲ್ಲಿ ‘ಹೈ ಪಾಸ್ ಫಿಲ್ಟರ್’ ಎಂಬುದೊಂದಿದೆ. ಅದನ್ನು 120ಕ್ಕೆ ಇಟ್ಟರೆ ಬಾಗಿಲಿನ ಸ್ಪೀಕರ್‌ಗಳಿಗೆ 120 ಹರ್ಟ್ಸ್‌ಗಿಂತ ಕೆಳಗಿನ ದನಿ ಹೋಗುವುದು ಕ್ರಮೇಣ ನಿಲ್ಲುತ್ತದೆ. ಡಿಕ್ಕಿಯಲ್ಲಿ ವೂಫರ್ ಇದ್ದಾಗ ಇದು ಬೇಕಾದ ಏರ್ಪಾಡೇ. ಸ್ಪೀಕರ್‌ಗಳು ಹಗುರಾಗುತ್ತವೆ, ಬೇಸಿನ ಹೊರೆ ವೂಫರ್ ಹೊರುತ್ತದೆ. ಆದರೆ ವೂಫರ್ ತೆಗೆದು ಮಾರಿದ ಮೇಲೂ ಫಿಲ್ಟರ್ ಹಾಗೇ ಉಳಿದರೆ? ಸೊಸೆಯನ್ನು ತವರಿಗೆ ಕಳಿಸಿ ಅತ್ತೆಯೂ ಒಲೆ ಹಚ್ಚದ ಮನೆಯ ಕತೆ! ವೂಫರ್‌ಗೇ ಪ್ರತ್ಯೇಕವಾದ ‘ಸಬ್’ ಎಂಬ ಗುಂಡಿಯೂ ಇರುತ್ತದೆ. ಅದು ‘ಆಫ್’ ಆಗಿದ್ದರೆ ಎಷ್ಟು ದೊಡ್ಡ ವೂಫರ್ ತಂದರೂ ಅದು ಡಿಕ್ಕಿಯ ಸಾಮಾನಷ್ಟೇ.

ಬ್ಯಾಟರಿ ಬದಲಾಯಿಸಿದ ಮರುದಿನ ಬೇಸ್ ಕಾಣೆಯಾಯಿತೆಂದರೆ ಅನುಮಾನ ಮೊದಲು ಇಲ್ಲಿಗೇ ಬರಬೇಕು. ಬ್ಯಾಟರಿ ಕಳಚಿದಾಗ ಅನೇಕ ಸೆಟ್ಟುಗಳು ಹಳೆಯ ಹೊಂದಾಣಿಕೆಯೆಲ್ಲ ಮರೆತು ಅಂಗಡಿಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತವೆ.

ಹರಿ ಒಂದು ಕಡೆ, ಹರ ಒಂದು ಕಡೆ

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಬೇಸ್ ಇಲ್ಲವೆಂದರೆ ಮುಂದಿನದು ಬ್ಯಾಲೆನ್ಸ್ ಪರೀಕ್ಷೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಪರೀಕ್ಷೆಯ ಹಾಡು ಹಾಕಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕು. ಬೇಸ್ ಬಂತೇ? ಈಗ ಪೂರ್ತಿ ಬಲಕ್ಕೆ. ಆಗಲೂ ಬಂತೇ? ಇನ್ನು ನಡುವಿಗೆ ತರಬೇಕು. ಎರಡೂ ಸ್ಪೀಕರ್ ಕೂಡಿದಾಗ ಬೇಸ್ ಹೆಚ್ಚಬೇಕಿತ್ತು. ಬದಲಿಗೆ ಅದು ಮಾಯವಾದರೆ ಕಳ್ಳ ಸಿಕ್ಕಿದನೆಂದೇ ಲೆಕ್ಕ. ಯಾವುದೋ ಒಂದು ಸ್ಪೀಕರ್‌ಗೆ ಪ್ಲಸ್ ತಂತಿ ಮೈನಸ್‌ಗೂ, ಮೈನಸ್ ತಂತಿ ಪ್ಲಸ್‌ಗೂ ಸೇರಿದೆ.

ಸ್ಪೀಕರಿನ ಕಾಗದದ ಕೋನು ಮುಂದೆ ಬಂದಾಗ ಗಾಳಿಯನ್ನು ಒತ್ತುತ್ತದೆ, ಹಿಂದೆ ಹೋದಾಗ ಎಳೆಯುತ್ತದೆ. ತಂತಿ ಅದಲುಬದಲಾದರೆ ಎಡಗಡೆಯದು ಒತ್ತುವಾಗ ಬಲಗಡೆಯದು ಎಳೆಯುತ್ತದೆ. ಒಬ್ಬ ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುತ್ತಿರುವಾಗ ಇನ್ನೊಬ್ಬ ಅದೇ ಟ್ಯೂಬಿನಿಂದ ಗಾಳಿ ಹೀರಿದಂತೆ. ಇಬ್ಬರೂ ಬೆವರು ಸುರಿಸುತ್ತಾರೆ, ಟ್ಯೂಬು ಮಾತ್ರ ಉಬ್ಬುವುದಿಲ್ಲ. ಹಾಗಾದರೆ ಕೊಳಲು, ಗಾಯಕಿಯ ದನಿ ಏಕೆ ಸಾಯುವುದಿಲ್ಲ? ಅಲೆಯ ಉದ್ದದ ಲೆಕ್ಕ ಕೆಲಸಕ್ಕೆ ಬರುವುದು ಇಲ್ಲೇ. ಏಳು ಮೀಟರಿನ ಬೇಸ್ ಅಲೆಗೆ ಕಾರಿನ ಎರಡು ಬಾಗಿಲ ನಡುವಿನ ಅಂತರ ಏನೂ ಅಲ್ಲ. ಅವು ಕಿವಿ ತಲುಪುವಾಗ ಸರಿಯಾಗಿ ಎದುರುಬದುರಾಗಿಯೇ ಇರುತ್ತವೆ, ಅಳಿಸಿಹೋಗುತ್ತವೆ. ಗೇಣಿಗೂ ಕಮ್ಮಿಯಾದ ಕೀಚಲು ಅಲೆಗಳು ಕಾರಿನೊಳಗೆ ಅಲ್ಲಿಲ್ಲಿ ಬಡಿದು ಬೇರೆಬೇರೆ ಹೊತ್ತಿಗೆ ಬರುವುದರಿಂದ ಒಂದು ಜಾಗದಲ್ಲಿ ಅಳಿದರೂ ಇನ್ನೊಂದು ಜಾಗದಲ್ಲಿ ಉಳಿಯುತ್ತವೆ.

ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಅಲ್ಲಿನ ಮೂರ್ತಿ ಅರ್ಧ ಹರಿ, ಅರ್ಧ ಹರ. ಇಬ್ಬರಲ್ಲಿ ಯಾರಿಂದಲೂ ಒಂಟಿಯಾಗಿ ಸಾಯದಂತೆ ವರ ಪಡೆದಿದ್ದ ಗುಹಾಸುರ, ಇಬ್ಬರೂ ಒಂದೇ ಮೈಯಾಗಿ ಬಂದಾಗ ಸೋತನೆಂಬುದು ಸ್ಥಳಪುರಾಣ. ಕಾರಿನ ಎಡಬಲಗಳಿಗೂ ಇದೇ ಮಾತು. ಎರಡೂ ಒಂದೇ ಹೆಜ್ಜೆ ಇಟ್ಟರೆ ಬಲ ಇಮ್ಮಡಿ. ಮುಖ ತಿರುಗಿಸಿಕೊಂಡರೆ ಶೂನ್ಯ.

ಇದೇ ಪರೀಕ್ಷೆಯನ್ನು ಫೇಡರ್‌ನಿಂದ ಮುಂದಿನ ಮತ್ತು ಹಿಂದಿನ ಸ್ಪೀಕರ್‌ಗಳಿಗೂ ಮಾಡಬಹುದು. ವೂಫರ್‌ಗೆ ಸೊನ್ನೆ ಮತ್ತು 180 ಎಂದು ಬರೆದ ಒಂದು ಸ್ವಿಚ್ ಇರುತ್ತದೆ. ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ, ಡಿಕ್ಕಿಯ ಬಳಿ ನಿಂತವರು ಸ್ವಿಚ್ ಆಚೀಚೆ ಮಾಡಲಿ. ಯಾವ ಕಡೆ ಬೇಸ್ ಹೆಚ್ಚು ಕೇಳುತ್ತದೋ ಅದೇ ಸರಿ. ಪುಸ್ತಕ ನೋಡಬೇಕಾದ್ದೇ ಇಲ್ಲ.

ತಂತಿ ಅದಲುಬದಲಾಗುವುದು ಹೇಗೆ? ಹೊರಗಿನಿಂದ ತಂದ ಸೆಟ್ಟುಗಳಲ್ಲಿ ತಂತಿಯ ಬಣ್ಣಕ್ಕೊಂದು ವಾಡಿಕೆಯಿದೆ. ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಆದರೆ ಕಾರಿನ ಕಂಪನಿಯ ತಂತಿಗಳ ಬಣ್ಣ ಈ ವಾಡಿಕೆಗೆ ಕಟ್ಟುಬಿದ್ದಿರುವುದಿಲ್ಲ. ಎರಡನ್ನೂ ಕತ್ತರಿಸಿ, ಹೊಸೆದು, ಟೇಪು ಸುತ್ತುವ ಅವಸರದಲ್ಲಿ ಒಂದು ಜೋಡಿ ತಿರುಗಿದರೆ ಸಾಕು. ಕತ್ತರಿಸದೆ ನೇರವಾಗಿ ಚುಚ್ಚುವ ಕಪ್ಲರ್‌ಗಳು ಸಿಗುತ್ತವೆ. ಹೊಸ ಕಾರಾದರೆ ಅವನ್ನೇ ಬಳಸುವುದು ಜಾಣತನ. ತಂತಿ ಕತ್ತರಿಸಿದ ಕಾರಿನ ವಾರಂಟಿಗೆ ತಕರಾರು ಬರಬಹುದು.

ಒಂದು ಸೆಲ್ಲು, ಒಂದು ಮೀಟರು

ಯಾವ ಸ್ಪೀಕರ್ ತಿರುಗಿದೆ ಎಂದು ತಿಳಿಯಲು ಗಡಿಯಾರದ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲು ಸಾಕು. ಸೆಟ್ಟು ಆರಿಸಿ, ಸ್ಪೀಕರಿನ ಎರಡೂ ತಂತಿಗಳನ್ನು ಸೆಟ್ಟಿನಿಂದ ಬಿಡಿಸಬೇಕು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕ್ಷಣಮಾತ್ರ ತಾಗಿಸಿದರೆ ‘ಟಪ್’ ಎಂಬ ಸದ್ದಿನೊಡನೆ ಕೋನು ಮುಂದಕ್ಕೆ ಬರಬೇಕು. ಒಳಕ್ಕೆ ಹೋದರೆ ತಂತಿ ತಿರುಗಿದೆ. ಸದ್ದೇ ಇಲ್ಲದಿದ್ದರೆ ತಂತಿ ಎಲ್ಲೋ ಕಡಿದಿದೆ, ಇಲ್ಲವೇ ಸ್ಪೀಕರ್ ಸುಟ್ಟಿದೆ. ಚಿಕ್ಕ ಟ್ವೀಟರ್‌ಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಮುಂದಿನದು ಮೀಟರ್. 1941ರಲ್ಲಿ ಹರಿಹರದಲ್ಲಿ ನೆಲೆಯೂರಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಒಂದು ಕಾಲಕ್ಕೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಲೇತಿನ ಮುಂದೆ ನಿಂತು ಕಲಿತ ಯಾರಿಗೂ ಮೊದಲು ಅಳತೆ, ಆಮೇಲೆ ಕೊಯ್ತ ಎಂಬ ಪಾಠ ಮರೆಯುವುದಿಲ್ಲ. ಸ್ಪೀಕರ್‌ಗೂ ಅದೇ ಪಾಠ. ನಾಲ್ಕು ಓಮಿನ ಸ್ಪೀಕರನ್ನು ಮೀಟರಿನಲ್ಲಿ ಅಳೆದರೆ 3ರಿಂದ 3.8ರ ಆಸುಪಾಸು ತೋರಿಸುತ್ತದೆ. ಅದು ಸಹಜ. ನಾಲ್ಕು ಎಂಬುದು ಹಾಡಿನ ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ, ಸೆಲ್ಲಿನಂಥ ನೇರ ಕರೆಂಟಿಗಲ್ಲ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಸುರುಳಿ ಸುಟ್ಟು ಅಂಟಿಕೊಂಡಿದೆ, ಅಂಥದ್ದನ್ನು ಮತ್ತೆ ಸೆಟ್ಟಿಗೆ ಜೋಡಿಸಿದರೆ ಸೆಟ್ಟಿಗೂ ಅಪಾಯ.

ಅಳತೆ ಸರಿಯಿದ್ದರೂ ಕೈಯಿಂದ ಒಮ್ಮೆ ನೋಡಬೇಕು. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ ಮೆಲ್ಲಗೆ ಒತ್ತಿದಾಗ ‘ಕರಕರ’ ಎಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಕೋನಿನ ಸುತ್ತ ಇರುವ ಮೆತ್ತನೆಯ ಅಂಚು ಫೋಮಿನದಾದರೆ ಹತ್ತು ಹದಿನೈದು ವರ್ಷಕ್ಕೆ ಬಿಸಿಲು, ತೇವಕ್ಕೆ ಸಿಕ್ಕಿ ಹಪ್ಪಳದಂತೆ ಪುಡಿಯಾಗುತ್ತದೆ. ಅಂಚು ಹೋದ ಸ್ಪೀಕರ್ ಹಾಡುತ್ತದೆ, ಬೇಸ್ ಕೊಡುವುದಿಲ್ಲ. ಇಡೀ ಸ್ಪೀಕರ್ ಎಸೆಯದೆ ಬರೀ ಅಂಚು ಬದಲಿಸುವ ಕೆಲಸ ಬಲ್ಲವರೂ ಇದ್ದಾರೆ.

ಹಳೆಯ ಕ್ಯಾಸೆಟ್ ಸೆಟ್ಟನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ಇನ್ನೊಂದು ಮಾತು. ಅಂಥ ಅನೇಕ ಸೆಟ್ಟುಗಳಲ್ಲಿ ಸ್ಪೀಕರಿಗೆ ದನಿ ಹೋಗುವ ದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಅದು 1,000 ಮೈಕ್ರೋಫ್ಯಾರಡ್ ಇದ್ದಾಗ ನಾಲ್ಕು ಓಮಿನ ಸ್ಪೀಕರ್‌ಗೆ ಸುಮಾರು 40 ಹರ್ಟ್ಸ್‌ವರೆಗಿನ ಬೇಸ್ ಬಿಡುತ್ತದೆ. ವರ್ಷಗಳು ಕಳೆದು ಒಳಗಿನ ರಸ ಒಣಗಿ ಅದು 100ಕ್ಕೆ ಇಳಿದರೆ 400 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕುಗ್ಗುತ್ತದೆ. ಇದಕ್ಕೆ ಔಷಧಿ ಹೊಸ ಕೆಪಾಸಿಟರ್, ಬೆಸುಗೆ ಹಾಕುವ ರೇಡಿಯೊ ರಿಪೇರಿಯವರ ಹತ್ತು ನಿಮಿಷ.

ಸೋರುವ ಬಾಗಿಲು

ತಂತಿಯೂ ಸರಿ, ಸ್ಪೀಕರೂ ಸರಿ. ಆದರೂ ಬೇಸ್ ತೆಳುವಾಗಿದ್ದರೆ ಅದನ್ನು ಕೂರಿಸಿದ ಜಾಗ ನೋಡಬೇಕು. ಕೋನು ಮುಂದೆ ಒತ್ತಿದಾಗ ಅದರ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ. ಮುಂದಿನ ಗಾಳಿ ಅಂಚಿನ ಸಂದಿಯಿಂದ ಹಿಂದಕ್ಕೆ ನುಸುಳಿದರೆ ಅಲ್ಲಿಗೆ ಬೇಸ್ ಮುಗಿಯಿತು. ಎಡ ಮತ್ತು ಬಲ ಸ್ಪೀಕರ್‌ಗಳ ಜಗಳವನ್ನೇ ಇಲ್ಲಿ ಒಂದೇ ಸ್ಪೀಕರ್ ತನ್ನೊಡನೆ ಆಡುತ್ತದೆ. ಇಂದಿನ ಮಾದರಿಯ ಸ್ಪೀಕರನ್ನು 1925ರಲ್ಲಿ ಅಮೆರಿಕದಲ್ಲಿ ರೂಪಿಸಿದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಎಂಜಿನಿಯರುಗಳು ಆಗಲೇ ಇದನ್ನು ಮನಗಂಡಿದ್ದರು. ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ಒಂದು ಗೋಡೆ ಬೇಕು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಹೊರಡಿಸಬಹುದೆಂದು ತೋರಿಸಿದ. ಅಂದಮೇಲೆ ಪೆಟ್ಟಿಗೆ ಎಂಬುದು ಸ್ಪೀಕರಿನ ಅಂಗಿಯಲ್ಲ, ಅದರ ಅರ್ಧ ದೇಹ.

ಕಾರಿನ ಬಾಗಿಲೇ ಅಂಥದೊಂದು ಪೆಟ್ಟಿಗೆ, ಆದರೆ ತೂತು ತುಂಬಿದ ಪೆಟ್ಟಿಗೆ. ಗಾಜಿನ ಮೋಟಾರು, ಬೀಗದ ತಂತಿಗಳಿಗೆಂದು ಒಳತಗಡಿನಲ್ಲಿ ದೊಡ್ಡ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಲು ಕಂಪನಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಒಂದೆರಡು ಸಲ ಬಾಗಿಲು ಬಿಚ್ಚಿದ ಮೇಲೆ ಹರಿದು ಜೋತಾಡುತ್ತದೆ. ಹಾಳೆಯನ್ನು ಸರಿಯಾಗಿ ಅಂಟಿಸಿ, ಕಿಂಡಿ ಮುಚ್ಚಿ, ಸ್ಪೀಕರ್ ಮತ್ತು ತಗಡಿನ ನಡುವೆ ಫೋಮಿನ ಬಳೆ ಕೂರಿಸಿದರೆ ಅದೇ ಸ್ಪೀಕರ್ ಬೇರೆಯೇ ಆಗಿ ಕೇಳುತ್ತದೆ. ಆ ಹಾಳೆಗೆ ಮಳೆನೀರು ತಡೆಯುವ ಕೆಲಸವೂ ಇದೆ. ಅದು ಹರಿದರೆ ಮೊದಲ ಮಳೆಗಾಲದಲ್ಲೇ ಕಾಗದದ ಕೋನು ನೆನೆದ ಹಪ್ಪಳ. ಒಂದು ಎಚ್ಚರ: ಬಾಗಿಲಲ್ಲಿ ಹಳದಿ ಕಪ್ಲರಿನ ತಂತಿ ಕಂಡರೆ ಕೈ ಹಿಂದಕ್ಕೆ ತೆಗೆಯಬೇಕು. ಅದು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದ್ದು.

ಹಿಂದಿನ ಹಲಗೆಗೂ ಇದೇ ನ್ಯಾಯ. ಹಗುರ ಹಲಗೆಯ ಮೇಲೆ ಭಾರದ ಸ್ಪೀಕರ್ ಕೂರಿಸಿದರೆ ಸ್ಪೀಕರಿನ ಬದಲು ಹಲಗೆಯೇ ಕುಣಿಯುತ್ತದೆ. ದಪ್ಪ ಪ್ಲೈವುಡ್ಡಿನ ತುಂಡೊಂದನ್ನು ಅಡಿಗೆ ಬಿಗಿದರೆ ಗುಣ ಗೊತ್ತಾಗುತ್ತದೆ.

ಡಿಕ್ಕಿಯ ಮೂಕ

ಬೇಸ್ ಟ್ಯೂಬ್ ಅಥವಾ ಪೆಟ್ಟಿಗೆಯ ವೂಫರ್‌ಗೆ ಅದರದೇ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬರುವ ಮುಖ್ಯ ತಂತಿಗಳು ಮೂರು: ಬ್ಯಾಟರಿಯಿಂದ ನೇರ ಬರುವ ಪ್ಲಸ್, ಕಾರಿನ ಮೈಗೆ ಬಿಗಿದ ಅರ್ತಿಂಗ್, ‘ಏಳು’ ಎಂದು ಎಬ್ಬಿಸುವ ಸಣ್ಣ ರಿಮೋಟ್ ತಂತಿ. ರಿಮೋಟ್ ತಂತಿ ಸೆಟ್ಟಿನ ಹಿಂದೆ ಸಾಮಾನ್ಯವಾಗಿ ನೀಲಿಯ ಮೇಲೆ ಬಿಳಿ ಗೆರೆಯದು. ಆಂಪ್ಲಿಫೈಯರಿನ ದೀಪ ಹೊತ್ತಿಲ್ಲವೆಂದರೆ ಈ ಮೂರರಲ್ಲೊಂದು ಕೈಕೊಟ್ಟಿದೆ. ದೀಪ ಹೊತ್ತಿದ್ದೂ ದನಿಯಿಲ್ಲವೆಂದರೆ ಸೆಟ್ಟಿನಿಂದ ಹಾಡು ತರುವ ಕೇಬಲ್ ನೋಡಬೇಕು. ಅದನ್ನು ಕಿತ್ತು ಫೋನಿನಿಂದಲೇ ನೇರ ಹಾಡು ಕೊಟ್ಟಾಗ ವೂಫರ್ ಗುಡುಗಿದರೆ ತಪ್ಪು ವೂಫರಿನದಲ್ಲ.

ಅರ್ತಿಂಗ್ ಬಿಗಿದ ಜಾಗದಲ್ಲಿ ಬಣ್ಣ ಕೆರೆದು ಲೋಹ ಬಿಳುಪಾಗಿ ಕಾಣುವಂತೆ ಮಾಡಿರಬೇಕು. ಬಣ್ಣದ ಮೇಲೆ ಬಿಗಿದ ಬೋಲ್ಟು ಬರೀ ತೋರಿಕೆಗೆ. ಇನ್ನು ತಂತಿಯ ದಪ್ಪದ ಲೆಕ್ಕ. 300 ವ್ಯಾಟ್ ಕೊಡುವ ಸಾಮಾನ್ಯ ಆಂಪ್ಲಿಫೈಯರ್ ತಾನು ಬಿಸಿಯಾಗುವ ನಷ್ಟವನ್ನೂ ಸೇರಿಸಿ ಪೂರ್ತಿ ಜೋರಿನಲ್ಲಿ 40 ಆಂಪಿಯರ್‌ನಷ್ಟು ಎಳೆಯಬಹುದು. ತಂತಿಯ ತಡೆ ಬರೀ 0.05 ಓಮ್ ಇದ್ದರೂ ಎರಡು ವೋಲ್ಟು ದಾರಿಯಲ್ಲೇ ಖಾಲಿ. ಹನ್ನೆರಡರಲ್ಲಿ ಎರಡು ಹೋದರೆ ಪ್ರತಿ ಹೊಡೆತಕ್ಕೂ ಬೇಸ್ ಉಸಿರುಗಟ್ಟುತ್ತದೆ. ತಂತಿಯೂ ಬಿಸಿಯಾಗುತ್ತದೆ.

ಅದಕ್ಕೇ ಫ್ಯೂಸಿನ ಮಾತು ತಮಾಷೆಯಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಎಂಜಿನ್ನಿನಿಂದ ಡಿಕ್ಕಿಯವರೆಗೆ ಕಾರ್ಪೆಟ್ಟಿನ ಅಡಿ ಹಾಯುವ ಆ ತಂತಿ ಎಲ್ಲಾದರೂ ಸವೆದು ತಗಡಿಗೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೊಂದೇ. ಫ್ಯೂಸ್ ಹೋಯಿತೆಂದು ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟಿನ ಬೇಗಡೆ ಸುತ್ತುವುದು ಕೊಳ್ಳಿಯಿಂದ ತಲೆ ಕೆರೆದುಕೊಂಡಂತೆ. ಇಲಿಯ ಕಾಟವನ್ನೂ ಮರೆಯುವಂತಿಲ್ಲ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಊರಲ್ಲಿ ಇಲಿಗೇನು ಬರ? ವಾರಗಟ್ಟಲೆ ನಿಂತ ಕಾರಿನ ಕಾರ್ಪೆಟ್ಟಿನಡಿ ತಂತಿಯ ಸಿಪ್ಪೆ ಸುಲಿದಿದ್ದರೆ ಆಶ್ಚರ್ಯವಿಲ್ಲ.

ವ್ಯಾಟಿನ ಮಾಯೆ

ಸೆಟ್ಟಿನ ಡಬ್ಬಿಯ ಮೇಲೆ ‘50 ವ್ಯಾಟ್, ನಾಲ್ಕು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಓಡುತ್ತಿರುವ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14 ವೋಲ್ಟು ಚಿಲ್ಲರೆ. ನಾಲ್ಕು ಓಮಿನ ಸ್ಪೀಕರ್‌ಗೆ ಇದರಿಂದ ಶುದ್ಧವಾಗಿ ಕೊಡಬಹುದಾದದ್ದು ಲೆಕ್ಕದ ಪ್ರಕಾರ 24 ವ್ಯಾಟ್ ಆಸುಪಾಸು. ಒಳಗಿನ ನಷ್ಟ ಕಳೆದರೆ 18ರಿಂದ 20. ಐವತ್ತು ಎಂಬುದು ದನಿ ಒಡೆದುಹೋದ ಸ್ಥಿತಿಯ ಕ್ಷಣಿಕ ಅಂಕಿ. ಡಬ್ಬಿಯಲ್ಲಿ ‘ಆರ್.ಎಂ.ಎಸ್.’ ಎಂದು ಸಣ್ಣಕ್ಷರದಲ್ಲಿ ಬರೆದದ್ದನ್ನೇ ನಂಬಬೇಕು.

ಇದನ್ನು ತಿಳಿಯದೆ ಬೇಸ್ ಇಲ್ಲವೆಂದು ವಾಲ್ಯೂಮ್ ಏರಿಸುತ್ತ ಹೋದರೆ ಆಗುವುದೇ ಬೇರೆ. ಅಳಿಸಿಹೋದ ಬೇಸ್ ವಾಲ್ಯೂಮ್ ಏರಿಸಿದರೂ ಅಳಿಸಿಯೇ ಇರುತ್ತದೆ. ಏರುವುದು ಕೀಚಲು ದನಿ ಮಾತ್ರ. ಸೆಟ್ಟು ತನ್ನ ಶಕ್ತಿ ಮೀರಿ ಕಿರುಚುತ್ತದೆ, ಟ್ವೀಟರ್ ಸುಡುತ್ತದೆ. ಅದಕ್ಕಿಂತ ಮೊದಲು ಪೆಟ್ಟು ಬೀಳುವುದು ಕಿವಿಗೆ. ವಾರಕ್ಕೆ 40 ಗಂಟೆಯಾದರೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೋರು ಹೆಚ್ಚಿದಂತೆ ಸುರಕ್ಷಿತ ಗಂಟೆಗಳು ಬೇಗ ಕರಗುತ್ತವೆ. ಕಿವಿಯ ಒಳಗಿನ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸುಟ್ಟ ಸ್ಪೀಕರ್‌ಗೆ ಬದಲಿ ಉಂಟು, ಇದಕ್ಕೆ ಇಲ್ಲ.

ಕಿವಿಯ ತಕರಾರು, ರಸ್ತೆಯ ತಕರಾರು

ಎಲ್ಲ ಸರಿಯಿದ್ದೂ ಬೇಸ್ ಕಮ್ಮಿ ಎನಿಸುವ ಎರಡು ಸಂದರ್ಭಗಳಿವೆ. ಒಂದು ಕಿವಿಯದು. ದನಿ ಮೆಲ್ಲಗಿದ್ದಾಗ ನಮ್ಮ ಕಿವಿ ಬೇಸನ್ನು ಕಡೆಗಣಿಸುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದರು. ಸೆಟ್ಟಿನಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುವುದು ಇದಕ್ಕೇ. ಮೆಲ್ಲಗೆ ಕೇಳುವಾಗ ಅದು ಬೇಸನ್ನು ತುಸು ಎತ್ತಿಕೊಡುತ್ತದೆ.

ಇನ್ನೊಂದು ರಸ್ತೆಯದು. ಹಿಂದೆ 4ನೆಯ ನಂಬರಿನದಾಗಿದ್ದು ಈಗ 48ನೆಯ ನಂಬರು ಪಡೆದ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಸಾಲಿನ ಪಕ್ಕ 80ರ ವೇಗದಲ್ಲಿ ಹೋಗುವಾಗ ಟೈರು, ಗಾಳಿ, ಎಂಜಿನ್ನುಗಳ ಮೊರೆತದಲ್ಲಿ ಹೆಚ್ಚಿನದು ಕೆಳಗಿನ ಹರ್ಟ್ಸ್‌ಗಳಲ್ಲೇ ಇರುತ್ತದೆ. ಅದು ಹಾಡಿನ ಬೇಸನ್ನು ಮುಚ್ಚಿಹಾಕುತ್ತದೆ. ಮನೆಯ ಮುಂದೆ ನಿಂತಾಗ ಗುಡುಗುವ ಸೆಟ್ಟು ಹೆದ್ದಾರಿಯಲ್ಲಿ ಸಪ್ಪೆಯೆನಿಸಿದರೆ ದೋಷ ಸೆಟ್ಟಿನದಲ್ಲ. ಆದ್ದರಿಂದ ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ, ಗಾಜು ಏರಿಸಿ, ಕಾರು ನಿಂತಲ್ಲೇ ಮಾಡಬೇಕು. ಬಹಳ ಹೊತ್ತು ಮಾಡಿದರೆ ಬ್ಯಾಟರಿ ಇಳಿಯುತ್ತದೆ, ಅಷ್ಟು ನೆನಪಿರಲಿ.

ಬೇಸ್ ಮರಳಿ ಬಂದ ಸಂತೋಷದಲ್ಲಿ ಗಾಜು ಇಳಿಸಿ ಕೇರಿಗೆಲ್ಲ ಕೇಳಿಸುವ ಆಸೆಯಾಗುವುದು ಸಹಜ. ಆದರೆ ಉದ್ದ ಅಲೆಯ ಬೇಸ್ ಗೋಡೆಗೂ ಜಗ್ಗುವುದಿಲ್ಲ. ಪಕ್ಕದ ಮನೆಯ ತೊಟ್ಟಿಲವರೆಗೂ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45.

ಅಂಗಡಿಗೆ ಹೋಗುವ ಮುನ್ನ

ಇಷ್ಟೆಲ್ಲ ತಾವೇ ಮಾಡಲು ಪುರುಸೊತ್ತಿಲ್ಲದವರೂ ಬ್ಯಾಲೆನ್ಸ್ ಪರೀಕ್ಷೆಯೊಂದನ್ನು ಮಾಡಿಯೇ ಅಂಗಡಿಗೆ ಹೋಗುವುದು ಒಳ್ಳೆಯದು. ‘ಬೇಸ್ ಬರ್ತಿಲ್ಲ’ ಎಂದು ಹೇಳುವ ಗಿರಾಕಿಗೂ, ‘ಎಡಕ್ಕೆ ತಿರುಗಿಸಿದ್ರೆ ಬರ್ತೈತೆ, ಬಲಕ್ಕೂ ಬರ್ತೈತೆ, ನಡುವೆ ಇಟ್ರೆ ಹೋಗ್ತೈತೆ’ ಎಂದು ಹೇಳುವ ಗಿರಾಕಿಗೂ ಸಿಗುವ ಉತ್ತರ ಬೇರೆ. ಎರಡನೆಯವನ ಕಾರಿನ ಬಾಗಿಲು ಬಿಚ್ಚಿ ಎರಡು ತಂತಿ ಅದಲುಬದಲು ಮಾಡಿದರೆ ಕೆಲಸ ಮುಗಿಯಿತು. ಒಳ್ಳೆಯ ಕೆಲಸಗಾರನಿಗೂ ಇದರಿಂದ ಹೊತ್ತು ಉಳಿಯುತ್ತದೆ, ಅವನ ಕೂಲಿ ಕೊಡಲು ಗಿರಾಕಿಗೂ ಮನಸ್ಸು ಬರುತ್ತದೆ.

ಹೊಸ ವೂಫರ್ ಕೊಳ್ಳಲೇಬಾರದೆಂದಲ್ಲ. ಆರೂವರೆ ಇಂಚಿನ ಬಾಗಿಲ ಸ್ಪೀಕರ್ 40 ಹರ್ಟ್ಸ್‌ನ ಗುಡುಗನ್ನು ಜೋರಾಗಿ ಕೊಡಲಾರದು. ಅದು ಬೇಕೆಂದರೆ ದೊಡ್ಡ ಕೋನು, ಗಟ್ಟಿ ಪೆಟ್ಟಿಗೆ, ದಪ್ಪ ತಂತಿ ಬೇಕೇ ಬೇಕು. ಆದರೆ ಇದ್ದದ್ದು ಕಳೆದುಹೋದಾಗ ಹೊಸದನ್ನು ಕೊಳ್ಳುವ ಮುಂಚೆ, ಕಳೆದದ್ದು ಎಲ್ಲಿ ಎಂದು ಮನೆಯೊಳಗೆ ಒಮ್ಮೆ ಹುಡುಕುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಬೇಸ್ ಬಹುಶಃ ಎಲ್ಲಿಗೂ ಹೋಗಿರುವುದಿಲ್ಲ. ಬಾಗಿಲ ಹಿಂದೆ, ತಿರುಗಿಬಿದ್ದ ಒಂದು ಜೋಡಿ ತಂತಿಯ ತುದಿಯಲ್ಲಿ ಕಾಯುತ್ತಿರುತ್ತದೆ.